ಹಂಗಾಮು ಮುಗಿದ ಮೇಲೆ ಬಿಚ್ಚುವ ಬೇರಿಂಗುಗಳ ಬಗ್ಗೆ

ರಾಜ್ಯದ ಸಕ್ಕರೆ ಕಾರ್ಖಾನೆಗಳ ಫಿಟ್ಟರುಗಳು, ಆಯಿಲ್‌ಮನ್‌ಗಳು, ಮೆಕ್ಯಾನಿಕಲ್ ಎಂಜಿನಿಯರುಗಳು, ಸ್ಟೋರ್ಸ್ ಮತ್ತು ಖರೀದಿ ವಿಭಾಗದವರಿಗೆ ಬಹಿರಂಗ ಪತ್ರ



ಬೇರಿಂಗಿಗೆ ಲೆಕ್ಕ ಹಾಕಿ ಹೇಳಬಹುದಾದ ಒಂದು ಆಯುಷ್ಯವಿದೆ. ಶಾಫ್ಟ್ ತಿರುಗುವಾಗ ಗುಂಡು ಅಥವಾ ರೋಲರು ತಾನು ಉರುಳುವ ಹಾದಿಯನ್ನು ಒತ್ತಿ ಮುಂದೆ ಹೋಗುತ್ತದೆ. ಹೀಗೆ ಕೋಟಿಗಟ್ಟಲೆ ಸಲ ಒತ್ತಿಸಿಕೊಂಡ ಉಕ್ಕಿನಲ್ಲಿ, ಮೇಲ್ಮೈಗಿಂತ ಕೂದಲೆಳೆಯಷ್ಟು ಕೆಳಗೆ, ಬಿರುಕೊಂದು ಹುಟ್ಟುತ್ತದೆ. ಅದು ನಿಧಾನವಾಗಿ ಮೇಲೆ ಬಂದಾಗ ಹಾದಿಯ ಒಂದು ಚಕ್ಕೆ ಎದ್ದುಹೋಗುತ್ತದೆ. ಇದು ಬೇರಿಂಗಿನ ಸಹಜ ಸಾವು. ಸ್ವೀಡನ್ನಿನ ಗುಸ್ತಾಫ್ ಲುಂಡ್‌ಬರ್ಗ್ ಮತ್ತು ಅರ್ವಿಡ್ ಪಾಮ್‌ಗ್ರೆನ್ 1947ರಲ್ಲಿ ಕೊಟ್ಟ ಸೂತ್ರವೇ ಇಂದಿಗೂ ಆಯುಷ್ಯದ ಲೆಕ್ಕಕ್ಕೆ ತಳಹದಿ. ಐಎಸ್‌ಒ 281 ಮಾನದಂಡ ಅದರ ಮೇಲೆಯೇ ನಿಂತಿದೆ. ಒಂದೇ ಬಗೆಯ ನೂರು ಬೇರಿಂಗುಗಳನ್ನು ಒಂದೇ ಭಾರದಲ್ಲಿ ಓಡಿಸಿದರೆ ತೊಂಬತ್ತು ಬೇರಿಂಗುಗಳು ಎಷ್ಟು ಸುತ್ತು ದಾಟುತ್ತವೆಯೋ ಅದನ್ನು ಎಲ್-10 ಆಯುಷ್ಯ ಎನ್ನುತ್ತಾರೆ. ಬೇರಿಂಗಿನ ಕ್ಯಾಟಲಾಗ್ ಸಾಮರ್ಥ್ಯವನ್ನು ಅದರ ಮೇಲೆ ಬೀಳುವ ಭಾರದಿಂದ ಭಾಗಿಸಿ, ಬಂದ ಸಂಖ್ಯೆಯ ಘನ ಮಾಡಿದರೆ ಬಾಲ್ ಬೇರಿಂಗಿನ ಆಯುಷ್ಯ ದಶಲಕ್ಷ ಸುತ್ತುಗಳಲ್ಲಿ ಸಿಗುತ್ತದೆ. ರೋಲರ್ ಬೇರಿಂಗಿಗೆ ಘನದ ಬದಲು 10/3ರ ಘಾತ.

ಸಾಮರ್ಥ್ಯವು ಭಾರದ ಹತ್ತು ಪಟ್ಟು ಇರುವ ಬಾಲ್ ಬೇರಿಂಗೊಂದನ್ನು ತೆಗೆದುಕೊಂಡರೆ ಆಯುಷ್ಯ 1,000 ದಶಲಕ್ಷ ಸುತ್ತು. ನಿಮಿಷಕ್ಕೆ 1,480 ಸುತ್ತು ತಿರುಗುವ ಪಂಪಿನಲ್ಲಿ ಅದು 11,200 ಗಂಟೆಗೂ ಮೇಲೆ. 150 ದಿನ ಹಗಲಿರುಳು ಕಬ್ಬು ನುರಿಸಿದರೆ 3,600 ಗಂಟೆ. ಅಂದರೆ ಈ ಬೇರಿಂಗು ಮೂರು ಹಂಗಾಮು ದಾಟಬೇಕು. ಅದೇ ಬೇರಿಂಗಿನ ಮೇಲೆ ಭಾರ ಇಮ್ಮಡಿಯಾದರೆ ಆಯುಷ್ಯ ಎಂಟನೇ ಒಂದು ಭಾಗಕ್ಕೆ, ಸುಮಾರು 1,400 ಗಂಟೆಗೆ ಇಳಿಯುತ್ತದೆ. ಡಿಸೆಂಬರ್ ಕೊನೆಯೊಳಗೆ ಪಂಪು ಕೂಗತೊಡಗುತ್ತದೆ. ರೋಲರ್ ಬೇರಿಂಗಿನಲ್ಲಾದರೆ ಹತ್ತನೇ ಒಂದು ಭಾಗ ಮಾತ್ರ ಉಳಿಯುತ್ತದೆ. ಬೆಲ್ಟನ್ನು ಬೇಕಾದ್ದಕ್ಕಿಂತ ಬಿಗಿ ಎಳೆಯುವುದು, ಕಪ್ಲಿಂಗನ್ನು ಕಣ್ಣಂದಾಜಿನಲ್ಲಿ ಕೂಡಿಸುವುದು, ಫ್ಯಾನಿನ ಬ್ಯಾಲೆನ್ಸ್ ಕೆಟ್ಟಿದ್ದರೂ ಓಡಿಸುವುದು ಎಂಬ ಮೂರು ಸಾಮಾನ್ಯ ರೂಢಿಗಳೂ ಇದೇ ಭಾರವನ್ನು ಯಾರ ಕಣ್ಣಿಗೂ ಕಾಣದಂತೆ ಏರಿಸುತ್ತವೆ.

ಕಾರ್ಖಾನೆಯ ಗುಜರಿ ರಾಶಿಗೆ ಸೇರುವ ಬೇರಿಂಗುಗಳಲ್ಲಿ ಈ ಸಹಜ ಸಾವು ಕಂಡವು ಸಿಗುವುದೇ ಅಪರೂಪ. ನೀರು, ಬೂದಿ, ಸುತ್ತಿಗೆ, ಸವೆದ ಶಾಫ್ಟ್, ಬೆರಕೆ ಗ್ರೀಸ್ ಇವುಗಳಲ್ಲಿ ಒಂದೋ ಎರಡೋ ಅದನ್ನು ಮೊದಲೇ ಮುಗಿಸಿರುತ್ತವೆ. ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿದರೆ ಕಾರಣ ಅಲ್ಲೇ ಉಳಿಯುತ್ತದೆ, ಹೊಸದೂ ಅದೇ ದಾರಿ ಹಿಡಿಯುತ್ತದೆ. ಆದ್ದರಿಂದ ಆಫ್ ಸೀಸನ್ನಿನ ರಿಪೇರಿ ಹೊಸ ಬೇರಿಂಗಿನ ಡಬ್ಬಿ ಒಡೆಯುವುದರಿಂದ ಶುರುವಾಗಬಾರದು. ಶಾಫ್ಟನ್ನು ಅಳೆಯುವುದರಿಂದ ಶುರುವಾಗಬೇಕು.

ತಿರುಗುವ ಶಾಫ್ಟಿನ ಮೇಲೆ ಒಳರಿಂಗು ಬಿಗಿಯಾಗಿ ಕೂರಬೇಕು. ಭಾರ ಒಂದೇ ದಿಕ್ಕಿನಲ್ಲಿ ನಿಂತಿದ್ದು ರಿಂಗು ತಿರುಗುತ್ತಿದ್ದರೆ, ಕೂದಲೆಳೆಯಷ್ಟು ಸಡಿಲವಿದ್ದರೂ ರಿಂಗು ಶಾಫ್ಟಿನ ಮೇಲೆ ಚೂರುಚೂರೇ ಜಾರುತ್ತಾ ಹೋಗುತ್ತದೆ. 100 ಮಿಮೀ ಶಾಫ್ಟಿಗೆ ಎಂ6 ಫಿಟ್ ಹೇಳಿದ್ದರೆ, ಕೂರುವ ಜಾಗ 100 ಮಿಮೀಗಿಂತ 13ರಿಂದ 35 ಮೈಕ್ರಾನ್ ಹೆಚ್ಚಿರಬೇಕು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ವರ್ನಿಯರ್ ಕ್ಯಾಲಿಪರಿನಲ್ಲಿ ಈ ಅಳತೆ ಸಿಗದು, ಮೈಕ್ರೋಮೀಟರೇ ಬೇಕು. ಬೇರಿಂಗಿನ ಅಗಲದ ಎರಡೂ ತುದಿಯಲ್ಲಿ, ಪ್ರತಿ ತುದಿಯಲ್ಲೂ ನಾಲ್ಕು ದಿಕ್ಕಿನಲ್ಲಿ ಅಳೆದರೆ ಶಾಫ್ಟ್ ಸವೆದಿದೆಯೋ, ಮೊಟ್ಟೆಯಾಕಾರಕ್ಕೆ ತಿರುಗಿದೆಯೋ, ಒಂದು ಕಡೆ ಸಣ್ಣದಾಗಿದೆಯೋ ಎಲ್ಲವೂ ಗೊತ್ತಾಗುತ್ತದೆ. ಗ್ರೈಂಡಿಂಗ್ ಮುಗಿಸಿ ಈಗಷ್ಟೇ ಇಳಿಸಿದ ಬಿಸಿ ಶಾಫ್ಟಿನ ಅಳತೆಯನ್ನು ನಂಬಬಾರದು. ಅದು ಆರಿದ ಮೇಲೆ ಸಣ್ಣದಾಗುತ್ತದೆ.

ಸವೆದ ಶಾಫ್ಟಿಗೆ ವರ್ಕ್‌ಶಾಪುಗಳಲ್ಲಿ ನಡೆದುಬಂದ ಒಂದು ಮದ್ದು ಪಂಚ್ ಹೊಡೆಯುವುದು. ಬೇರಿಂಗ್ ಕೂರುವ ಜಾಗದ ಸುತ್ತ ಸೆಂಟರ್ ಪಂಚಿನಿಂದ ಚುಕ್ಕೆ ಹಾಕುತ್ತಾರೆ. ಪ್ರತಿ ಚುಕ್ಕೆಯ ಅಂಚಿನಲ್ಲಿ ಲೋಹ ಉಬ್ಬಿ ನಿಲ್ಲುತ್ತದೆ, ರಿಂಗು ಬಿಗಿಯಾಗಿ ಹೋಗುತ್ತದೆ, ಕೆಲಸ ಮುಗಿಯಿತು ಎನ್ನಿಸುತ್ತದೆ. ನಿಜವಾಗಿ ರಿಂಗು ಕೂತಿರುವುದು ಆ ಉಬ್ಬುಗಳ ತುದಿಯ ಮೇಲೆ ಮಾತ್ರ. ಭಾರ ಬಿದ್ದ ಕೆಲವೇ ದಿನಗಳಲ್ಲಿ ತುದಿಗಳು ಚಪ್ಪಟೆಯಾಗಿ ರಿಂಗು ಮತ್ತೆ ಜಾರುತ್ತದೆ, ಈ ಸಲ ಮೊದಲಿಗಿಂತ ಹೆಚ್ಚು. ಜೊತೆಗೆ ಒಂದೊಂದು ಚುಕ್ಕೆಯೂ ಶಾಫ್ಟಿನಲ್ಲಿ ಬಿರುಕು ಹುಟ್ಟಲು ಹೇಳಿ ಮಾಡಿಸಿದ ಜಾಗ. ತಗಡಿನ ಪಟ್ಟಿ ಸುತ್ತಿ ಬೇರಿಂಗ್ ಹೊಡೆಯುವುದೂ ಇದೇ ಬಗೆಯದು. ಎರಡನ್ನೂ ಪೂರ್ತಿ ಕೈಬಿಡಬೇಕು. ಸರಿಯಾದ ದಾರಿಗಳು ಇವೆ: ಸವೆದ ಭಾಗವನ್ನು ಲೇತಿನಲ್ಲಿ ತೆಗೆದು ಮೆಟಲ್ ಸ್ಪ್ರೇ ಮಾಡಿಸಿ ಗ್ರೈಂಡ್ ಮಾಡುವುದು, ದಪ್ಪ ಸಾಲುವಂತಿದ್ದರೆ ಸ್ಲೀವ್ ಹಾಕುವುದು, ಇಲ್ಲವೇ ಹೊಸ ಶಾಫ್ಟ್. ವೆಲ್ಡಿಂಗ್ ಕಟ್ಟುವುದು ಈ ಪಟ್ಟಿಯ ಕೊನೆಯಲ್ಲಿರಬೇಕು. ಇಎನ್8 ಉಕ್ಕಿನಲ್ಲಿ ಶೇ. 0.4ರ ಆಸುಪಾಸು ಇಂಗಾಲವಿರುತ್ತದೆ. ಮೊದಲೇ ಕಾಯಿಸದೆ ಅದರ ಮೇಲೆ ಬೀಡು ಎಳೆದರೆ, ಬೀಡಿನ ಪಕ್ಕದ ಲೋಹ ಥಟ್ಟನೆ ತಣಿದು ಗಡುಸಾಗಿ, ಗಾಜಿನಂತೆ ಬಿರಿಯುವ ಗುಣ ಪಡೆಯುತ್ತದೆ. ವೆಲ್ಡಿಂಗ್ ಮಾಡಿದ ಶಾಫ್ಟ್ ಮುರಿಯುವುದು ಬಹುಮಟ್ಟಿಗೆ ಬೀಡಿನ ಅಂಚಿನಲ್ಲೇ.

ಶಾಫ್ಟಿನ ಮೂಲೆಗಳಿಗೂ ಅಷ್ಟೇ ಗಮನ ಬೇಕು. 1842ರ ಮೇ 8ರಂದು ವರ್ಸೇಲ್ಸ್‌ನಿಂದ ಪ್ಯಾರಿಸ್ಸಿಗೆ ಹೊರಟ ರೈಲಿನ ಎಂಜಿನ್ ಆಕ್ಸಲ್ ಮುರಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಆಕ್ಸಲ್‌ಗಳು ಹೀಗೆ ಏಕೆ ಮುರಿಯುತ್ತವೆ ಎಂದು ಪರಿಶೀಲಿಸಿದ ಸ್ಕಾಟ್ಲೆಂಡಿನ ರ‍್ಯಾಂಕಿನ್, ದಪ್ಪ ಭಾಗ ಸಣ್ಣದಾಗುವ ಚೂಪು ಮೂಲೆಯಲ್ಲಿ ಬಿರುಕು ಹುಟ್ಟಿ ವರ್ಷಗಟ್ಟಲೆ ಒಳಗೊಳಗೇ ಬೆಳೆಯುತ್ತದೆ ಎಂದು ಮರುವರ್ಷವೇ ತೋರಿಸಿ, ಮೂಲೆಯನ್ನು ದುಂಡಗೆ ಮಾಡಲು ಹೇಳಿದ. ಮಾತು ಹಳೆಯದು, ಆದರೆ ಲೇತ್ ಟೂಲಿನ ತುದಿ ಚೂಪಾಗಿದ್ದರೆ ಇಂದೂ ಶಾಫ್ಟಿನ ಮೂಲೆ ಚೂಪಾಗಿಯೇ ಬರುತ್ತದೆ. ಬೇರಿಂಗ್ ಒರಗುವ ಮೆಟ್ಟಿಲಿನ ದುಂಡು ಬೇರಿಂಗಿನ ಅಂಚಿನ ದುಂಡಿಗಿಂತ ದೊಡ್ಡದಾಗಲೂಬಾರದು, ಏಕೆಂದರೆ ಆಗ ರಿಂಗು ಮೆಟ್ಟಿಲಿಗೆ ತಾಗದೆ ವಾರೆಯಾಗಿ ನಿಲ್ಲುತ್ತದೆ. 6310ರಂಥ ಬೇರಿಂಗಿಗೆ ಈ ಮಿತಿ 2 ಮಿಮೀ. ಟರ್ನರ್‌ಗೆ ಕೊಡುವ ಡ್ರಾಯಿಂಗಿನಲ್ಲಿ ಈ ಅಂಕಿ ಬರೆದಿರಲೇಬೇಕು. ಕೀ ವೇ ತುದಿಯ ಮೂಲೆಗಳ ಕಥೆಯೂ ಇದೇ.

ಇನ್ನು ಕೂರಿಸುವ ಕೆಲಸ. ಹೊಸ ಬೇರಿಂಗನ್ನು ಡೀಸೆಲಿನಲ್ಲಿ ತೊಳೆಯುವ ಅಭ್ಯಾಸ ಅನೇಕ ಕಡೆ ಇದೆ. ಅದರ ಮೇಲಿರುವ ತೆಳು ಎಣ್ಣೆ ತುಕ್ಕು ಹಿಡಿಯದಿರಲೆಂದೇ ಹಚ್ಚಿದ್ದು, ಸಾಮಾನ್ಯ ಗ್ರೀಸಿನ ಜೊತೆ ಹೊಂದುತ್ತದೆ. ಒಳಸುತ್ತನ್ನೂ ಹೊರಸುತ್ತನ್ನೂ ಒರೆಸಿದರೆ ಸಾಕು. ತೊಳೆದರೆ ಡೀಸೆಲಿನಲ್ಲಿರುವ ಧೂಳು ಮಾತ್ರ ಒಳಗೇ ಉಳಿಯುತ್ತದೆ. ತೊಳೆದ ಬೇರಿಂಗಿಗೆ ಕಂಪ್ರೆಸರ್ ಗಾಳಿ ಬಿಟ್ಟು ಗಿರಗಿರನೆ ತಿರುಗಿಸುವುದು ಇನ್ನೂ ಕೆಟ್ಟದ್ದು. ಎಣ್ಣೆಯಿಲ್ಲದ ಹಾದಿಯ ಮೇಲೆ ಗುಂಡುಗಳು ಜಾರಿ ಗೀರು ಬೀಳುತ್ತದೆ, ಕೈಯಿಂದ ತಪ್ಪಿದರೆ ಪ್ರಾಣಾಪಾಯ.

ಶಾಫ್ಟಿನ ಮೇಲೆ ಒಳರಿಂಗನ್ನು ಬಿಗಿಯಾಗಿ ಕೂರಿಸಬೇಕಾದಾಗ ಹೊಡೆತವೋ ಒತ್ತಡವೋ ಒಳರಿಂಗಿನ ಮೇಲೆಯೇ ಬೀಳಬೇಕು. ಹೊರರಿಂಗಿಗೆ ಹೊಡೆದರೆ ಪೆಟ್ಟು ಗುಂಡುಗಳ ಮೂಲಕ ಹಾಯ್ದು, ಹಾದಿಯ ಮೇಲೆ ಗುಂಡುಗಳ ಅಂತರಕ್ಕೆ ಸರಿಯಾಗಿ ಕುಳಿ ಮೂಡಿಸುತ್ತದೆ. ಓಡುವ ಮೊದಲೇ ಹಾಳಾದ ಬೇರಿಂಗ್ ಅದು. ದೊಡ್ಡ ಬೇರಿಂಗನ್ನು ಕಾಯಿಸಿ ಕೂರಿಸುವುದೇ ಸರಿ. 100 ಮಿಮೀ ರಂಧ್ರದ ಬೇರಿಂಗನ್ನು ಶಾಫ್ಟಿಗಿಂತ 80 ಡಿಗ್ರಿ ಹೆಚ್ಚು ಕಾಯಿಸಿದರೆ ರಂಧ್ರ ಸುಮಾರು 0.096 ಮಿಮೀ ಹಿಗ್ಗುತ್ತದೆ. ಎಂ6 ಫಿಟ್ಟಿಗೆ ಇಷ್ಟು ಧಾರಾಳ. ಬೇರಿಂಗಿನ ಬಿಸಿ 110 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಬೇಕು, 120 ದಾಟಬಾರದು. ಗ್ಯಾಸ್ ಟಾರ್ಚ್ ಹಿಡಿದರೆ ಒಂದು ಕಡೆ 300 ಡಿಗ್ರಿ, ಇನ್ನೊಂದು ಕಡೆ 60 ಡಿಗ್ರಿ ಆಗುವ ಅಪಾಯವಿದೆ. ಉಕ್ಕಿನ ಗಡಸುತನ ಅಲ್ಲೇ ಹೋಗುತ್ತದೆ. ಇಂಡಕ್ಷನ್ ಹೀಟರ್ ಒಂದು ದೊಡ್ಡ ಬೇರಿಂಗ್ ಹಾಳಾಗುವುದನ್ನು ತಪ್ಪಿಸಿದರೂ ಅದರ ಖರ್ಚಿನ ಬಹುಪಾಲು ಗಿಟ್ಟಿದಂತೆಯೇ. ಅದಿಲ್ಲದ ಕಡೆ, ಬೇರಿಂಗು ತಳಕ್ಕೆ ತಾಗದಂತೆ ತೂಗುಹಾಕಿದ ಸ್ವಚ್ಛ ಎಣ್ಣೆಯ ತೊಟ್ಟಿ ಮತ್ತು ಒಂದು ಥರ್ಮಾಮೀಟರ್ ಸಾಕು.

ಬಾಯ್ಲರಿನ ಐಡಿ ಫ್ಯಾನಿನಂಥ ಕಡೆ ಪ್ಲಮರ್ ಬ್ಲಾಕಿನೊಳಗೆ ಅಡಾಪ್ಟರ್ ಸ್ಲೀವಿನ ಮೇಲೆ ಕೂರುವ ಸ್ಫೆರಿಕಲ್ ರೋಲರ್ ಬೇರಿಂಗಿರುತ್ತದೆ. ಇದರ ವಂಶದ ಮೊದಲ ಬೇರಿಂಗು ಹುಟ್ಟಿದ್ದು ಒಂದು ಗಿರಣಿಯ ನಿರ್ವಹಣಾ ವಿಭಾಗದಲ್ಲಿ. ಸ್ವೀಡನ್ನಿನ ಗೋಥೆನ್‌ಬರ್ಗಿನ ಬಟ್ಟೆ ಗಿರಣಿ ಜೇಡಿ ನೆಲದ ಮೇಲಿತ್ತು. ನೆಲ ಕುಸಿದಂತೆಲ್ಲ ಉದ್ದನೆಯ ಲೈನ್ ಶಾಫ್ಟ್ ವಾರೆಯಾಗಿ ಬೇರಿಂಗುಗಳು ಕೆಡುತ್ತಿದ್ದವು. ಅಲ್ಲಿ ಯಂತ್ರ ನಿರ್ವಹಣೆಯ ಎಂಜಿನಿಯರಾಗಿದ್ದ ಸ್ವೆನ್ ವಿಂಗ್‌ಕ್ವಿಸ್ಟ್ 1907ರಲ್ಲಿ, ಶಾಫ್ಟ್ ಸ್ವಲ್ಪ ವಾರೆಯಾದರೂ ತಾನೇ ಹೊಂದಿಕೊಳ್ಳುವ ಎರಡು ಸಾಲಿನ ಬಾಲ್ ಬೇರಿಂಗನ್ನು ಕಂಡುಹಿಡಿದ. ಪಾಮ್‌ಗ್ರೆನ್ 1919ರಲ್ಲಿ ಅದೇ ತತ್ವವನ್ನು ರೋಲರಿಗೆ ತಂದ. ಬೇರಿಂಗ್ ಏಕೆ ಹೋಯಿತೆಂದು ಗಿರಣಿಯ ಒಬ್ಬ ಎಂಜಿನಿಯರ್ ಕೇಳಿದ್ದರಿಂದ ಬಂದ ಫಲ ಇದು ಎಂಬುದನ್ನು ಇಲ್ಲಿ ನೆನೆಯುವುದು ನ್ಯಾಯ.

ಈ ಬೇರಿಂಗಿನ ಲಾಕ್‌ನಟ್ಟನ್ನು ಎಷ್ಟು ಬಿಗಿಯಬೇಕು ಎಂಬುದನ್ನು ಕೈಯ ಅಂದಾಜಿಗೆ ಬಿಡುವುದೇ ದೊಡ್ಡ ತಪ್ಪು. 90 ಮಿಮೀ ಶಾಫ್ಟಿನ ಮೇಲೆ ಬರುವ 22220 ಕೆ ಬೇರಿಂಗನ್ನು ನೋಡಬಹುದು. ಕೂರಿಸುವ ಮೊದಲು ರೋಲರಿಗೂ ಹೊರರಿಂಗಿಗೂ ನಡುವಿನ ಸಡಿಲ, ಸಿ3 ದರ್ಜೆಯಾದರೆ, 0.110ರಿಂದ 0.140 ಮಿಮೀ ಇರುತ್ತದೆ. ನಟ್ಟು ಬಿಗಿದಂತೆ ಒಳರಿಂಗು ಸ್ಲೀವಿನ ಇಳಿಜಾರಿನ ಮೇಲೆ ಏರಿ ಹಿಗ್ಗುತ್ತದೆ, ಸಡಿಲ ಕಡಿಮೆಯಾಗುತ್ತದೆ. ಅದು 0.045ರಿಂದ 0.060 ಮಿಮೀಯಷ್ಟು ಇಳಿದಾಗ ನಿಲ್ಲಿಸಬೇಕು. ಉಳಿಯುವ ಸಡಿಲ 0.050 ಮಿಮೀಗಿಂತ ಕಡಿಮೆಯಾಗಬಾರದು. ಫೀಲರ್ ಗೇಜನ್ನು ಭಾರ ಬೀಳದ ಕಡೆಯ ರೋಲರಿನ ಮೇಲೆ, ಎರಡೂ ಸಾಲಿನಲ್ಲಿ ತೂರಿಸಿ ನೋಡಬೇಕು. ಅಳೆಯುವಾಗ ರೋಲರನ್ನು ಉರುಳಿಸದೆ ಗೇಜನ್ನು ಜಾರಿಸಬೇಕು. ಕಡಿಮೆ ಬಿಗಿದರೆ ಸ್ಲೀವ್ ಶಾಫ್ಟಿನ ಮೇಲೆ ತಿರುಗಿ ಗೀರೆಬ್ಬಿಸುತ್ತದೆ. ಹೆಚ್ಚು ಬಿಗಿದರೆ ಓಡುವಾಗ ಒಳರಿಂಗು ಬಿಸಿಯಾಗಿ ಹಿಗ್ಗಲು ಜಾಗವೇ ಇರದೆ ಬೇರಿಂಗು ಕೆಂಪಾಗಿ ಕಚ್ಚಿಕೊಳ್ಳುತ್ತದೆ.

ಅದೇ ಫ್ಯಾನಿನಲ್ಲಿ ಇನ್ನೊಂದು ತಪ್ಪು ಸದ್ದಿಲ್ಲದೆ ನಡೆಯುತ್ತದೆ. ಎರಡು ಪ್ಲಮರ್ ಬ್ಲಾಕುಗಳಲ್ಲಿ ಒಂದರಲ್ಲಿ ಮಾತ್ರ ಬೇರಿಂಗಿನ ಪಕ್ಕ ಲೊಕೇಟಿಂಗ್ ರಿಂಗುಗಳಿರಬೇಕು. ಇನ್ನೊಂದರಲ್ಲಿ ಬೇರಿಂಗು ಆಚೀಚೆ ಸರಿಯುವಂತಿರಬೇಕು. 2 ಮೀಟರ್ ಉದ್ದದ ಶಾಫ್ಟ್ ಬಿಸಿ ಹೊಗೆಯಿಂದ 50 ಡಿಗ್ರಿ ಕಾದರೆ 1.2 ಮಿಮೀ ಉದ್ದವಾಗುತ್ತದೆ. ಡಬ್ಬಿಯಲ್ಲಿ ಬಂದ ರಿಂಗುಗಳು ಉಳಿದವೆಂದು ಎರಡೂ ಕಡೆ ಹಾಕಿಬಿಟ್ಟರೆ ಆ 1.2 ಮಿಮೀಗೆ ಹೋಗಲು ದಾರಿಯಿಲ್ಲ. ಎರಡು ಬೇರಿಂಗುಗಳೂ ಪಕ್ಕಕ್ಕೆ ಒತ್ತಿಸಿಕೊಂಡು, ಒಂದೇ ಸಾಲಿನ ರೋಲರುಗಳು ಭಾರವೆಲ್ಲ ಹೊತ್ತು ಸುಡುತ್ತವೆ. ಬಿಚ್ಚಿದಾಗ ಒಂದು ಸಾಲು ಹೊಳೆಯುತ್ತಿದ್ದು ಇನ್ನೊಂದು ಸಾಲು ಚಕ್ಕೆ ಎದ್ದಿದ್ದರೆ ಮೊದಲು ಹುಡುಕಬೇಕಾದ್ದು ಈ ರಿಂಗುಗಳನ್ನೇ.

ಫ್ಯಾನಿನ ರೆಕ್ಕೆಗೆ ಅಂಟುವ ಬೂದಿಯೂ ಭಾರವೇ. ಮಧ್ಯದಿಂದ 0.8 ಮೀಟರ್ ದೂರದಲ್ಲಿ 100 ಗ್ರಾಂ ಬೂದಿ ಒಂದೇ ಕಡೆ ಕೂತರೆ, ನಿಮಿಷಕ್ಕೆ 1,000 ಸುತ್ತಿನಲ್ಲಿ ಅದು ಶಾಫ್ಟನ್ನು ಸುಮಾರು 90 ಕೆಜಿ ಬಲದಿಂದ, ಸುತ್ತಿಗೊಂದು ಸಲ, ಎಳೆಯುತ್ತದೆ. ಬೇರಿಂಗು ಬದಲಿಸುವ ಮೊದಲು ರೆಕ್ಕೆ ಕೆರೆದು ನೋಡಿದ್ದರೆ ಸಾಕಾಗಿತ್ತು ಎನ್ನುವ ಸಂದರ್ಭಗಳು ಕಡಿಮೆಯೇನಲ್ಲ.

ಗ್ರೀಸಿನ ವಿಷಯದಲ್ಲಿ ಕೊರತೆಗಿಂತ ಅತಿಯಾದ ಉದಾರತೆಯೇ ಹೆಚ್ಚು ಹಾಳು ಮಾಡುತ್ತದೆ. ವೇಗವಾಗಿ ತಿರುಗುವ ಬೇರಿಂಗಿನ ಹೌಸಿಂಗ್ ತುಂಬಾ ಗ್ರೀಸ್ ತುಂಬಿದರೆ ರೋಲರುಗಳು ಅದನ್ನು ಕಲಸುತ್ತಾ ಬಿಸಿಯಾಗಿಸುತ್ತವೆ, ಎಣ್ಣೆ ಸೋರಿ ಸೋಪು ಉಳಿಯುತ್ತದೆ, ಸೀಲ್ ತೆರೆದುಕೊಳ್ಳುತ್ತದೆ. ಬಿಸಿಯಾಗಿದೆ ಎಂದು ಇನ್ನಷ್ಟು ಗ್ರೀಸ್ ಹೊಡೆಯುವುದು ಆಮೇಲಿನ ಅನಾಹುತ. ಪ್ರತಿ ಸಲ ಎಷ್ಟು ಕೊಡಬೇಕೆಂಬುದಕ್ಕೆ ಸುಲಭ ಲೆಕ್ಕವಿದೆ: ಬೇರಿಂಗಿನ ಹೊರವ್ಯಾಸ, ಅಗಲ, 0.005 ಈ ಮೂರನ್ನೂ ಗುಣಿಸಿದರೆ ಗ್ರಾಂ ಸಿಗುತ್ತದೆ. 22220ಕ್ಕೆ 180 ಮಿಮೀ ವ್ಯಾಸ, 46 ಮಿಮೀ ಅಗಲ. ಉತ್ತರ 41 ಗ್ರಾಂ. ಗ್ರೀಸ್ ಗನ್ ಒಂದು ಸಲ ಒತ್ತಿದರೆ ಎಷ್ಟು ಗ್ರಾಂ ಬರುತ್ತದೆ ಎಂಬುದು ಗನ್ನಿನಿಂದ ಗನ್ನಿಗೆ ಬದಲಾಗುತ್ತದೆ. ಹತ್ತು ಒತ್ತು ಒಂದು ಕಾಗದದ ಮೇಲೆ ಹಾಕಿ ಸ್ಟೋರ್ಸಿನ ತಕ್ಕಡಿಯಲ್ಲಿ ತೂಗಿದರೆ ಗೊತ್ತಾಗುತ್ತದೆ; ಆ ಅಂಕಿಯನ್ನು ಗನ್ನಿನ ಮೇಲೆಯೇ ಬಣ್ಣದಲ್ಲಿ ಬರೆದಿಡಬೇಕು. ಬೇರಿಂಗಿನ ಬಿಸಿ 70 ಡಿಗ್ರಿ ದಾಟಿದ ಮೇಲೆ ಪ್ರತಿ 15 ಡಿಗ್ರಿಗೆ ಗ್ರೀಸ್ ಕೊಡುವ ಅವಧಿಯನ್ನು ಅರ್ಧಕ್ಕಿಳಿಸಬೇಕೆಂಬುದು ಬೇರಿಂಗ್ ತಯಾರಕರ ನಿಯಮ.

ಲಿಥಿಯಂ ಗ್ರೀಸಿಗೆ ಪಾಲಿಯೂರಿಯಾ ಗ್ರೀಸನ್ನು ಬೆರೆಸಿದರೆ ಎರಡೂ ಕೆಟ್ಟು ನೀರಾಗಿ ಸೋರಬಹುದು, ಇಲ್ಲವೇ ಗಟ್ಟಿಯಾಗಬಹುದು. ಮೋಟರಿನ ಬೇರಿಂಗುಗಳಲ್ಲಿ ಪಾಲಿಯೂರಿಯಾ ಇರುವುದು ಸಾಮಾನ್ಯ, ಕಾರ್ಖಾನೆಯ ಡ್ರಮ್ಮಿನಲ್ಲಿ ಲಿಥಿಯಂ ಇರುವುದೂ ಸಾಮಾನ್ಯ. ಒಂದೇ ಗನ್ನು ಎರಡಕ್ಕೂ ಹೋಗದಂತೆ ನೋಡುವುದು ಆಯಿಲ್‌ಮನ್ ಒಬ್ಬರ ಹೊಣೆಯಾಗಬಾರದು. ನಿಪ್ಪಲ್‌ಗಳಿಗೆ ಬಣ್ಣ ಹಚ್ಚಿಸಿ ಕೊಡುವುದು ಎಂಜಿನಿಯರರ ಕೆಲಸ. ಗನ್ನು ತೂರುವ ಮೊದಲು ನಿಪ್ಪಲ್ ಒರೆಸುವ ಬಟ್ಟೆಯ ತುಂಡು ಮಾತ್ರ ಪ್ರತಿ ಆಯಿಲ್‌ಮನ್ ಜೇಬಿನಲ್ಲಿ ಇರಲೇಬೇಕು. ಬೇರಿಂಗಿನೊಳಗಿನ ಎಣ್ಣೆಯ ಪದರ ಒಂದು ಮೈಕ್ರಾನಿಗಿಂತಲೂ ತೆಳುವಾಗಿರುವುದು ಸಾಮಾನ್ಯ. ನಿಪ್ಪಲ್ ಮೇಲೆ ಕೂತ ಬೂದಿಯ ಒಂದು ಕಣ ಅದಕ್ಕೆ ಎಷ್ಟೋ ಪಟ್ಟು ದಪ್ಪ.

ರಸದ ಪಂಪುಗಳಲ್ಲಿ ಶತ್ರು ನೀರು. ಗ್ಲ್ಯಾಂಡಿನಿಂದ ಸೋರಿದ ರಸವೋ ನೀರೋ ಶಾಫ್ಟಿನುದ್ದಕ್ಕೆ ಹರಿದು ಬೇರಿಂಗಿನೊಳಗೆ ಹೋಗುತ್ತದೆ. ಎಣ್ಣೆಯಲ್ಲಿ ಹತ್ತು ಲಕ್ಷಕ್ಕೆ 100 ಪಾಲು ನೀರು ಇದ್ದದ್ದು 400 ಪಾಲಾದರೆ ಬೇರಿಂಗಿನ ಆಯುಷ್ಯ ಅರ್ಧಕ್ಕಿಂತ ಕೆಳಗಿಳಿಯುತ್ತದೆ ಎಂಬುದು ಪ್ರಚಲಿತ ಲೆಕ್ಕ. 400 ಪಾಲು ಎಂದರೆ ಲೀಟರಿಗೆ ಅರ್ಧ ಮಿಲಿಲೀಟರೂ ಅಲ್ಲ. ಗ್ಲ್ಯಾಂಡಿಗೂ ಬೇರಿಂಗಿಗೂ ನಡುವೆ ಶಾಫ್ಟಿನ ಮೇಲೆ ನೀರು ಚಿಮ್ಮಿಸುವ ರಬ್ಬರ್ ರಿಂಗು ಇದೆಯೇ, ಗ್ಲ್ಯಾಂಡಿನ ಕೆಳಗಿನ ಬಟ್ಟಲಿನ ತೂತು ಕಟ್ಟಿಲ್ಲವೇ ಎಂದು ನೋಡುವುದಕ್ಕೆ ಎರಡು ನಿಮಿಷ ಸಾಕು. ಸೋರಿಕೆ ಪೂರ್ತಿ ನಿಲ್ಲುವವರೆಗೆ ಗ್ಲ್ಯಾಂಡ್ ಬಿಗಿಯುವುದೂ ತಪ್ಪು. ಹನಿಹನಿಯಾಗಿ ತೊಟ್ಟಿಕ್ಕದ ಪ್ಯಾಕಿಂಗ್ ಒಣಗಿ ಸುಟ್ಟು ಶಾಫ್ಟ್ ಸ್ಲೀವನ್ನು ಕೊರೆಯುತ್ತದೆ. ಆಯಿಲ್ ಸೀಲಿನ ತುಟಿ ತಾಗುವ ಜಾಗದಲ್ಲಿ ಉಗುರಿಗೆ ಸಿಗುವಷ್ಟು ಕಂದಕವಿದ್ದರೆ ಹೊಸ ಸೀಲ್ ಹಾಕಿಯೂ ಪ್ರಯೋಜನವಿಲ್ಲ. ಸೀಲನ್ನು ಎರಡು ಮಿಲಿಮೀಟರ್ ಆಚೆ ಕೂರಿಸಬಹುದು, ಅಥವಾ ಆ ಜಾಗಕ್ಕೆ ತೆಳು ಸ್ಲೀವ್ ಏರಿಸಬಹುದು.

ಅಲೈನ್‌ಮೆಂಟನ್ನು ತಣ್ಣಗಿರುವ ಪಂಪಿಗೆ ಮಾಡಿ ಬಿಸಿ ರಸ ಹರಿಸಿದರೆ ಅದು ಉಳಿಯುವುದಿಲ್ಲ. ತಳದಿಂದ ಶಾಫ್ಟಿನವರೆಗೆ 300 ಮಿಮೀ ಎತ್ತರವಿರುವ ಪಂಪು 50 ಡಿಗ್ರಿ ಕಾದರೆ ಸುಮಾರು 0.18 ಮಿಮೀ ಮೇಲೇಳುತ್ತದೆ. 1,500 ಸುತ್ತಿನ ಯಂತ್ರದಲ್ಲಿ ಎರಡು ಶಾಫ್ಟುಗಳ ನಡುವೆ 0.05 ಮಿಮೀಗಿಂತ ಹೆಚ್ಚು ವ್ಯತ್ಯಾಸ ಉಳಿಸದಿರುವುದು ಒಳ್ಳೆಯ ಕೆಲಸದ ಗುರುತು. ಆದ್ದರಿಂದ ಮೋಟರನ್ನು ಮೊದಲೇ ಅಷ್ಟು ಎತ್ತರಿಸಿಡಬೇಕು, ಪಂಪು ಕಾದ ಮೇಲೆ ಮತ್ತೊಮ್ಮೆ ಡಯಲ್ ಗೇಜ್ ಹಿಡಿಯಬೇಕು. ಅದಕ್ಕೂ ಮೊದಲು ಮೋಟರಿನ ನಾಲ್ಕು ಕಾಲುಗಳ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿ, ಕಾಲು ಮೇಲೇಳುತ್ತದೆಯೇ ಎಂದು ಗೇಜಿನಲ್ಲಿ ನೋಡಬೇಕು. ಕಾಲಡಿಯ ಸಂದು ಹಾಗೇ ಬಿಟ್ಟು ಬೋಲ್ಟಿನಿಂದ ಎಳೆದು ಕೂರಿಸಿದರೆ ಮೋಟರಿನ ಬಾಡಿಯೇ ತಿರುಚಿಕೊಳ್ಳುತ್ತದೆ.

ಮಿಲ್ಲಿನ ರೋಲರುಗಳದ್ದು ಬೇರೆಯೇ ಲೋಕ. ಅಲ್ಲಿ ಗುಂಡೂ ಇಲ್ಲ, ಸಣ್ಣ ರೋಲರೂ ಇಲ್ಲ. ಗನ್‌ಮೆಟಲ್ ಬ್ರಾಸಿನ ಮೇಲೆ ಶಾಫ್ಟಿನ ಜರ್ನಲ್ ನೇರವಾಗಿ ತಿರುಗುತ್ತದೆ. ಮೇಲಿನ ರೋಲರಿನ ಮೇಲೆ ಹೈಡ್ರಾಲಿಕ್‌ನಿಂದ ನೂರಾರು ಟನ್ ಒತ್ತಡ, ವೇಗ ನಿಮಿಷಕ್ಕೆ ಐದಾರು ಸುತ್ತು. ಅರ್ಧ ಮೀಟರ್ ವ್ಯಾಸದ ಜರ್ನಲ್ ಐದು ಸುತ್ತಿನಲ್ಲಿ ಸೆಕೆಂಡಿಗೆ 13 ಸೆಂಟಿಮೀಟರ್ ಮಾತ್ರ ಸರಿಯುತ್ತದೆ. ಜರ್ಮನಿಯ ರಿಚರ್ಡ್ ಸ್ಟ್ರೈಬೆಕ್ 1902ರಲ್ಲಿ ತೋರಿಸಿದಂತೆ, ವೇಗ ಕಡಿಮೆಯಾಗಿ ಭಾರ ಹೆಚ್ಚಾದಷ್ಟೂ ಎಣ್ಣೆಯ ಪದರ ಎರಡು ಲೋಹಗಳನ್ನು ಪೂರ್ತಿ ಬೇರ್ಪಡಿಸಲಾರದು. ಈ ಬ್ರಾಸುಗಳು ತಮ್ಮ ಬಾಳನ್ನೆಲ್ಲ ಅಂಥ ಅರೆಪದರದ ಮೇಲೆ ಕಳೆಯುತ್ತವೆ. ಇಲ್ಲಿ ಬಲು ದಪ್ಪನೆಯ ಎಣ್ಣೆ, ಅದನ್ನು ನಿಲ್ಲದೆ ತಳ್ಳುವ ಲ್ಯೂಬ್ರಿಕೇಟರ್, ಬ್ರಾಸಿನೊಳಗೆ ಹರಿಯುವ ತಂಪು ನೀರು ಮೂರೂ ಒಟ್ಟಿಗೆ ಬೇಕು. ಲ್ಯೂಬ್ರಿಕೇಟರಿನ ಒಂದು ಪೈಪು ಕಟ್ಟಿದ್ದು ಒಂದು ಶಿಫ್ಟಿನಲ್ಲಿ ಯಾರ ಗಮನಕ್ಕೂ ಬಾರದಿದ್ದರೆ ಜರ್ನಲ್ ಗೀರುಬಿದ್ದು, ಆಫ್ ಸೀಸನ್ನಿನಲ್ಲಿ ಅದನ್ನು ತಿರುವಿ ಸಣ್ಣದು ಮಾಡಲೇಬೇಕಾಗುತ್ತದೆ. ಹೀಗೆ ಪ್ರತಿ ಸಲ ಕಳೆದ ವ್ಯಾಸ ಶಾಫ್ಟಿನ ಬಲದಿಂದಲೇ ಕಳೆದದ್ದು.

ಈ ಶಾಫ್ಟುಗಳಿಗೆ ಇನ್ನೂ ಗಂಭೀರವಾದ ಅಪಾಯ ಕಬ್ಬಿನ ರಸದಿಂದಲೇ ಬರುತ್ತದೆ. ತಾಜಾ ರಸದ ಪಿಎಚ್ 5ರಿಂದ 5.5ರ ಆಸುಪಾಸು, ಅಂದರೆ ಅದು ಹುಳಿ. ರೋಲರಿನ ಶೆಲ್ಲು ಮುಗಿದು ಜರ್ನಲ್ ಶುರುವಾಗುವ ತಿರುವಿನಲ್ಲಿ ರಸ ನಿಂತು ಉಕ್ಕನ್ನು ಕೊರೆದು ಸಣ್ಣ ಕುಳಿ ಮಾಡುತ್ತದೆ. ಶಾಫ್ಟ್ ಬಾಗುವ ಒತ್ತಡ ಅತಿ ಹೆಚ್ಚಿರುವುದೂ ಅದರ ಹತ್ತಿರವೇ. ನಿಮಿಷಕ್ಕೆ ಐದು ಸುತ್ತು ಎಂದರೆ ನಿಧಾನ ಎನ್ನಿಸಬಹುದು. 3,600 ಗಂಟೆಯ ಹಂಗಾಮಿನಲ್ಲಿ ಅದು 10.8 ಲಕ್ಷ ಸುತ್ತಾಗುತ್ತದೆ, ಹತ್ತು ಹಂಗಾಮಿಗೆ ಕೋಟಿ ಮೀರುತ್ತದೆ. ಸುತ್ತಿಗೊಮ್ಮೆ ಆ ಜಾಗ ಹಿಗ್ಗಿ ಕುಗ್ಗುತ್ತದೆ. 1850 ಮತ್ತು 60ರ ದಶಕಗಳಲ್ಲಿ ರೈಲಿನ ಆಕ್ಸಲ್‌ಗಳನ್ನು ಪರೀಕ್ಷಿಸಿದ ಜರ್ಮನಿಯ ಆಗಸ್ಟ್ ವೂಲರ್, ಒಂದು ಮಿತಿಯೊಳಗಿನ ಒತ್ತಡವನ್ನು ಉಕ್ಕು ಎಷ್ಟು ಸಲವಾದರೂ ತಾಳುತ್ತದೆ ಎಂದು ಕಂಡುಕೊಂಡ. ಹುಳಿ ದ್ರವದಲ್ಲಿ ನೆನೆಯುತ್ತಿರುವ ಉಕ್ಕಿಗೆ ಆ ಸುರಕ್ಷಿತ ಮಿತಿ ಇಲ್ಲ. ಆದ್ದರಿಂದ ರೋಲರ್ ಶಾಫ್ಟುಗಳ ಅಲ್ಟ್ರಾಸಾನಿಕ್ ಪರೀಕ್ಷೆ ಪ್ರತಿ ಆಫ್ ಸೀಸನ್ನಿನಲ್ಲೂ ಆಗಬೇಕು, ಜರ್ನಲಿನ ತಿರುವಿಗೆ ಡೈ ಹಚ್ಚಿ ನೋಡುವುದೂ ಆಗಬೇಕು. ವರದಿಯನ್ನು ಹಿಂದಿನ ವರ್ಷದ್ದರ ಪಕ್ಕ ಇಟ್ಟು ಓದಿದಾಗಲೇ ಬಿರುಕು ಬೆಳೆಯುತ್ತಿದೆಯೇ ಎಂಬುದು ತಿಳಿಯುವುದು. ರಸ ಜರ್ನಲ್ ಕಡೆ ಹೋಗದಂತೆ ತಡೆಯುವ ಗಾರ್ಡುಗಳನ್ನು ಸಣ್ಣ ಕೆಲಸವೆಂದು ಕೊನೆಗೆ ಬಿಡಬಾರದು. ಮುರಿದ ಒಂದು ಶಾಫ್ಟ್ ಇಡೀ ಮಿಲ್ಲನ್ನು ನಿಲ್ಲಿಸುತ್ತದೆ, ಗೇಟಿನ ಹೊರಗೆ ಟ್ರಾಕ್ಟರುಗಳಲ್ಲಿ ರೈತರ ಕಬ್ಬು ಒಣಗುತ್ತದೆ.

ರೋಲರಿನ ಹಲ್ಲುಗಳಿಗೆ ಆರ್ಕಿಂಗ್ ಮಾಡುವಾಗ ಅರ್ಥ್ ಕೇಬಲನ್ನು ಸಿಕ್ಕಲ್ಲಿ ಸಿಕ್ಕಿಸಬಾರದು. ಕರೆಂಟು ಹಿಂದಿರುಗುವ ದಾರಿಯಲ್ಲಿ ಬೇರಿಂಗ್ ಬಂದರೆ ಅದು ಎಣ್ಣೆಯ ಪದರವನ್ನು ಸೀಳಿ ಕಿಡಿಯಾಗಿ ಹಾಯುತ್ತದೆ, ಒಂದೊಂದು ಕಿಡಿಯೂ ಉಕ್ಕನ್ನು ಕರಗಿಸಿ ಕುಳಿ ಬಿಡುತ್ತದೆ. ವಿಎಫ್‌ಡಿ ಹಾಕಿದ ಮೋಟರುಗಳಲ್ಲೂ ಇದೇ ಹಾನಿ ಸದಾ ನಡೆಯುತ್ತಿರಬಹುದು; ಹಾದಿಯ ಮೇಲೆ ಸಮಾನ ಅಂತರದ ಅಡ್ಡಗೆರೆಗಳು ಮೂಡಿದ್ದರೆ ಕಾರಣ ಕರೆಂಟು, ಪರಿಹಾರ ಇನ್ಸುಲೇಟೆಡ್ ಬೇರಿಂಗ್ ಅಥವಾ ಶಾಫ್ಟಿಗೆ ಅರ್ಥಿಂಗ್ ಬ್ರಷ್.

ಸಕ್ಕರೆ ಕಾರ್ಖಾನೆಯ ಯಂತ್ರಗಳು ವರ್ಷದಲ್ಲಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು, ನಿಲ್ಲುವ ತಿಂಗಳುಗಳಲ್ಲೇ ಮಳೆಗಾಲವೂ ಬರುತ್ತದೆ. ಬೇರಿಂಗಿನ ಆಯುಷ್ಯದ ಬಗ್ಗೆ ಬರೆದ ಕೈಪಿಡಿಗಳಲ್ಲಿ ಹೆಚ್ಚಿನವು ಸದಾ ಓಡುವ ಕಾರ್ಖಾನೆಯನ್ನು ಮನಸ್ಸಿನಲ್ಲಿಟ್ಟುಕೊಂಡವು. ಇಲ್ಲಿ ಅವುಗಳ ಮಾತು ಅರ್ಧಕ್ಕೆ ನಿಲ್ಲುತ್ತದೆ. ತಿರುಗದ ಬೇರಿಂಗಿನಲ್ಲಿ ರೋಲರು ತಾಗಿದ ಕಡೆ ಗ್ರೀಸ್ ಮೆಲ್ಲನೆ ಹಿಂಡಿಹೋಗುತ್ತದೆ. ರಾತ್ರಿಯ ತಂಪಿಗೆ ಒಳಗೆ ಇಬ್ಬನಿಯಂತೆ ಕಟ್ಟಿದ ನೀರು ಆ ಸಂದಿನಲ್ಲೇ ನಿಲ್ಲುತ್ತದೆ. ತಿಂಗಳುಗಳ ನಂತರ ಬಿಚ್ಚಿದರೆ ರೋಲರುಗಳ ಅಂತರಕ್ಕೆ ಸರಿಯಾಗಿ ತುಕ್ಕಿನ ಗೆರೆಗಳು. ಅಂಥ ಬೇರಿಂಗನ್ನು ಹಾಗೇ ಓಡಿಸಿದರೆ ಪ್ರತಿ ಗೆರೆಯೂ ಮುಂದೆ ಚಕ್ಕೆಯಾಗಿ ಏಳುತ್ತದೆ. ಪಕ್ಕದ ಯಂತ್ರದ ಅದುರಿಗೆ ನಿಂತಲ್ಲೇ ಮಿಸುಕಾಡುವ ಸ್ಟ್ಯಾಂಡ್‌ಬೈ ಪಂಪುಗಳಲ್ಲಿ ತುಕ್ಕಿಲ್ಲದೆಯೂ ಇಂಥ ಗುರುತು ಬೀಳುತ್ತದೆ.

ನುರಿಸುವುದು ನಿಂತ ವಾರದಲ್ಲೇ, ಬೇರಿಂಗುಗಳು ಇನ್ನೂ ತಿರುಗುವಂತಿರುವಾಗ, ಹಳೆಯ ಗ್ರೀಸ್ ಹೊರಗೆ ಬರುವವರೆಗೆ ಹೊಸದನ್ನು ಕೊಟ್ಟು ಶಾಫ್ಟ್ ತಿರುಗಿಸಿ ಬಿಡಬೇಕು. ನಿಲ್ಲುವ ಅವಧಿಗೆ ಹೌಸಿಂಗ್ ತುಂಬಾ ಗ್ರೀಸ್ ಇರುವುದು ಒಳ್ಳೆಯದೇ, ಓಡಿಸುವ ಮೊದಲು ಹೆಚ್ಚಿನದನ್ನು ತೆಗೆದರಾಯಿತು. ಬೆಲ್ಟುಗಳನ್ನು ಸಡಿಲಿಸಬೇಕು. ಪ್ರತಿ ಶಾಫ್ಟನ್ನೂ ವಾರಕ್ಕೊಮ್ಮೆ ಕೆಲವು ಸುತ್ತು ತಿರುಗಿಸಿ, ಹಿಂದಿನ ವಾರ ನಿಂತಲ್ಲಿ ನಿಲ್ಲಿಸದೆ ಬೇರೆ ಕಡೆ ನಿಲ್ಲಿಸಬೇಕು. ಕಪ್ಲಿಂಗಿನ ಮೇಲೆ ಚಾಕ್ ಗುರುತು ಹಾಕಿದರೆ ತಿರುಗಿಸಿದ್ದು ನಿಜವೇ ಎಂಬುದೂ ತಿಳಿಯುತ್ತದೆ. ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಎಣ್ಣೆಯ ಡ್ರಮ್ಮುಗಳನ್ನು ಒಳಗೆ ಸಾಗಿಸಬೇಕು, ಆಗದಿದ್ದರೆ ಮಲಗಿಸಬೇಕು. ನಿಂತ ಡ್ರಮ್ಮಿನ ತಲೆಯ ಮೇಲೆ ಮಳೆನೀರು ನಿಲ್ಲುತ್ತದೆ. ಹಗಲಿಗೆ ಕಾದು ರಾತ್ರಿ ತಣಿಯುವಾಗ ಡ್ರಮ್ಮು ಮುಚ್ಚಳದ ಸಂದಿನಿಂದ ಅದನ್ನು ಒಳಗೆ ಎಳೆದುಕೊಳ್ಳುತ್ತದೆ.

ಬಿಚ್ಚಿದ ಬೇರಿಂಗನ್ನು ತೊಳೆದು ಎಸೆಯುವ ಮೊದಲು ಓದಬೇಕು. ಹಾನಿಯ ಬಗೆಗಳನ್ನು ಐಎಸ್‌ಒ 15243 ಮಾನದಂಡ ವಿಂಗಡಿಸಿ ಕೊಟ್ಟಿದೆ. ಅನುಭವಸ್ಥ ಫಿಟ್ಟರಿಗೆ ಅದರ ಬಹುಪಾಲು ಕಣ್ಣಿಗೇ ಸಿಗುತ್ತದೆ. ಒಳರಿಂಗಿನ ರಂಧ್ರದಲ್ಲಿ ಕೆಂಗಂದು ಪುಡಿಯಿದ್ದರೆ ಅದು ಶಾಫ್ಟಿನ ಮೇಲೆ ಸಡಿಲವಾಗಿತ್ತು. ನಿಂತ ರಿಂಗಿನಲ್ಲಿ ಓಟದ ಗುರುತು ಒಂದು ಕಡೆಯಿಂದ ಇನ್ನೊಂದು ಕಡೆಗೆ ಓರೆಯಾಗಿದ್ದರೆ ಶಾಫ್ಟೋ ಹೌಸಿಂಗೋ ವಾರೆ. ಗುಂಡಿನ ಅಂತರದಲ್ಲಿ ಹೊಳೆಯುವ ಕುಳಿಗಳಿದ್ದರೆ ಸುತ್ತಿಗೆ, ಅದೇ ಅಂತರದಲ್ಲಿ ಕಪ್ಪು ಅಥವಾ ಕೆಂಪು ಗೆರೆಗಳಿದ್ದರೆ ನೀರು. ಹಾದಿಯೆಲ್ಲ ಮಂಕಾಗಿ ಬೂದುಬಣ್ಣಕ್ಕೆ ತಿರುಗಿದ್ದರೆ ಎಣ್ಣೆ ತೀರಾ ತೆಳುವಾಗಿತ್ತು ಅಥವಾ ಕೊಳೆಯಾಗಿತ್ತು. ಉಕ್ಕು ನೀಲಿಗಟ್ಟಿದ್ದರೆ ವಿಪರೀತ ಕಾದಿದೆ. ಇದು ಮಾತ್ರ ಕೊನೆಯ ಗಳಿಗೆಯ ಗುರುತು, ಮೂಲ ಕಾರಣ ಬೇರೆಡೆ ಇರುತ್ತದೆ. ಬೇರಿಂಗ್ ಯಾವ ಯಂತ್ರದ್ದು, ಯಾವ ತುದಿಯದ್ದು, ಹೊರರಿಂಗಿನ ಯಾವ ಭಾಗ ಮೇಲಿತ್ತು ಎಂಬ ಚೀಟಿಯನ್ನು ಬಿಚ್ಚುವಾಗಲೇ ಕಟ್ಟದಿದ್ದರೆ ಈ ಓದು ಸಾಧ್ಯವೇ ಇಲ್ಲ.

ಖರೀದಿ ವಿಭಾಗಕ್ಕೆ ಹೇಳಬೇಕಾದದ್ದು ಚಿಕ್ಕದು. ಹೆಸರಾಂತ ಬ್ರಾಂಡುಗಳ ನಕಲಿ ಬೇರಿಂಗುಗಳು ಅಸಲಿಯಂಥದೇ ಡಬ್ಬಿಯಲ್ಲಿ ಮಾರುಕಟ್ಟೆಯಲ್ಲಿವೆ. ಕಂಪನಿಯ ಅಧಿಕೃತ ಡೀಲರಿಂದಲೇ ಕೊಳ್ಳಬೇಕು, ಇಂಡೆಂಟಿನಲ್ಲಿ ಬರೆದ ಸಿ3, ಕೆ ಎಂಬ ಅಕ್ಷರಗಳನ್ನು ಹೆಚ್ಚುವರಿ ಎಂದು ಬಿಟ್ಟು ಕೊಳ್ಳಬಾರದು. ಸ್ಟೋರ್ಸಿನಲ್ಲಿ ಬೇರಿಂಗುಗಳನ್ನು ಒಡೆಯದ ಡಬ್ಬಿಯಲ್ಲೇ, ಮಲಗಿಸಿ, ಒಣಗಿದ ಅಟ್ಟಣೆಯಲ್ಲಿ ಇಡಬೇಕು; ಮೊದಲು ಬಂದದ್ದು ಮೊದಲು ಹೋಗಬೇಕು.

ಬಾಯ್ಲರ್ ಪ್ರದೀಪನಕ್ಕೆ ಮುಂಚಿನ ಟ್ರಯಲ್‌ನಲ್ಲಿ ಪ್ರತಿ ಬೇರಿಂಗಿನ ಬಿಸಿಯನ್ನು ಅರ್ಧ ಗಂಟೆಗೊಮ್ಮೆ ಬರೆದುಕೊಳ್ಳುವುದು ಒಳ್ಳೆಯದು. ಹೊಸ ಗ್ರೀಸ್ ತುಂಬಿದ ಬೇರಿಂಗಿನ ಬಿಸಿ ಮೊದಲು ಏರಿ, ಗ್ರೀಸ್ ಸರಿದು ಜಾಗ ಮಾಡಿಕೊಂಡ ಮೇಲೆ ಇಳಿದು ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಆ ಏರಿಕೆಗೆ ಹೆದರಿ ಗ್ರೀಸ್ ಸೇರಿಸುವುದಾಗಲಿ ನೀರು ಸುರಿಯುವುದಾಗಲಿ ಬೇಡ. ಇಳಿಯದೆ ಏರುತ್ತಲೇ ಹೋದರೆ ನಿಲ್ಲಿಸಿ ಬಿಚ್ಚಬೇಕು. ಹಾಗೆ ನಿಂತ ಮಟ್ಟದ ಬಿಸಿ, ಅಂದಿನ ವೈಬ್ರೇಷನ್ ಅಳತೆ, ಶಾಫ್ಟಿನ ಮೈಕ್ರೋಮೀಟರ್ ಅಂಕಿಗಳು, ಫೀಲರ್ ಗೇಜಿನಲ್ಲಿ ಉಳಿದ ಸಡಿಲ, ಕೊಟ್ಟ ಗ್ರೀಸಿನ ಹೆಸರು ಮತ್ತು ತೂಕ ಇಷ್ಟನ್ನೂ ಆ ಯಂತ್ರದ ರಿಜಿಸ್ಟರಿನಲ್ಲಿ ಒಂದೇ ಪುಟದಲ್ಲಿ ಬರೆದಿಟ್ಟರೆ, ಜನವರಿಯ ನಡುರಾತ್ರಿ ಸದ್ದು ಬದಲಾದಾಗ ಶಿಫ್ಟಿನಲ್ಲಿರುವವರು ಹೋಲಿಸಿ ನೋಡಲು ಒಂದು ಆಧಾರ ಇರುತ್ತದೆ.